ಕೊನೆಯ ನಿಲ್ದಾಣದ ಅಕ್ಟೋಬರ್

ಆಯುಧಪೂಜೆಗೆ ಕಚೇರಿಗಳಿಗೆ ರಜೆ. ಹಾಗಾಗಿ ಮಾರಿಕುಪ್ಪಂ ರೈಲಿನ ಪಾಸಿನವರ ಪೂಜೆ ಹಬ್ಬಕ್ಕಿಂತ ಒಂದೆರಡು ದಿನ ಮೊದಲೇ ಮುಗಿಯುವುದು ವಾಡಿಕೆ. ಬೆಳಕು ಹರಿಯುವ ಮುನ್ನವೇ ಬೋಗಿಯ ಬಾಗಿಲಿಗೆ ಬಾಳೆಕಂದು, ಕಿಟಕಿಯ ಸರಳುಗಳಿಗೆ ಸೇವಂತಿಗೆ ಮಾಲೆ, ದಿನವೂ ಕೂರುವ ಸೀಟಿಗೆ ಅರಿಶಿನ ಕುಂಕುಮ. ಬಂಗಾರಪೇಟೆ ದಾಟುವಷ್ಟರಲ್ಲಿ ಕಡ್ಲೆಪುರಿಯ ಪೊಟ್ಟಣ ಕೈಯಿಂದ ಕೈಗೆ ದಾಟಿರುತ್ತದೆ. ಬೆಂಗಳೂರಿನ ಗಾರ್ಮೆಂಟ್ಸು, ಆಸ್ಪತ್ರೆ, ಅಂಗಡಿ, ಕಚೇರಿಗಳಿಗೆ ದಿನಾ ಹೋಗಿಬರುವ ಇವರಿಗೆ ಪೂಜಿಸಲು ಸ್ವಂತ ಯಂತ್ರವೇನೂ ಇಲ್ಲ. ಹೊಟ್ಟೆಗೆ ಅನ್ನ ಕಾಣಿಸುವುದು ಈ ರೈಲು. ಪೂಜೆ ಅದಕ್ಕೇ ಸಲ್ಲುತ್ತದೆ.

ಬಂಗಾರಪೇಟೆಯಲ್ಲಿ ಚೆನ್ನೈ ಮಾರ್ಗದಿಂದ ಕವಲೊಡೆದು ಸುಮಾರು 16 ಕಿ.ಮೀ. ಓಡಿ ಮಾರಿಕುಪ್ಪಂನಲ್ಲಿ ನಿಂತುಬಿಡುವ ಈ ಹಳಿ 1894ರದು. ಹಾಕಿದ್ದು ಜನರಿಗಾಗಿ ಅಲ್ಲ, ಕೋಲಾರ ಚಿನ್ನದ ಗಣಿಗೆ (ಕೆಜಿಎಫ್) ಕಲ್ಲಿದ್ದಲು, ಮರ, ಯಂತ್ರ ಸಾಗಿಸಲು. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳ ಹೆಸರಲ್ಲೇ ಗಣಿಗಳ ನೆನಪಿದೆ. 2001ರ ಫೆಬ್ರುವರಿ 28ರಂದು ಗಣಿಗೆ ಬೀಗ ಬಿತ್ತು. ಹಳಿ ಮಾತ್ರ ಉಳಿಯಿತು. ಅಂದು ಚಿನ್ನಕ್ಕಾಗಿ ಜನ ಈ ಹಳಿಯಲ್ಲಿ ಒಳಗೆ ಬಂದರು, ಇಂದು ಸಂಬಳಕ್ಕಾಗಿ ಅದೇ ಹಳಿಯಲ್ಲಿ ಹೊರಗೆ ಹೋಗುತ್ತಾರೆ.

ಇಂಥ ಊರಿಗೆ ಅಕ್ಟೋಬರ್ ಒಂದೇ ಬಾಗಿಲಿನಿಂದ ಬರುವುದಿಲ್ಲ. ಹಳೇ ರೋಮನ್ನರ ಲೆಕ್ಕದಲ್ಲಿ ವರ್ಷ ಮಾರ್ಚ್‌ನಲ್ಲಿ ಶುರುವಾಗುತ್ತಿದ್ದುದರಿಂದ ಅಕ್ಟೋಬರ್ ಎಂದರೆ ಎಂಟನೆಯದು. ಯುಗಾದಿಯಿಂದ ಎಣಿಸಿದರೆ ನಮ್ಮ ಕಾರ್ತಿಕವೂ ಎಂಟನೆಯ ಮಾಸವೇ. ಹಬ್ಬದ ಪುಸ್ತಕ ಬರೆಯುವವರು ಯಾಕೋ ಈ ಕಾಕತಾಳೀಯವನ್ನು ಗಮನಿಸುವುದಿಲ್ಲ. ಆದರೆ ಮಾರಿಕುಪ್ಪಂನ ಗೋಡೆಗಳ ಮೇಲೆ ತೂಗುವ ಕ್ಯಾಲೆಂಡರುಗಳು ಇಷ್ಟಕ್ಕೇ ನಿಲ್ಲವು. ತಮಿಳರ ಮನೆಯಲ್ಲಿ ತಿಂಗಳ ಮೊದಲರ್ಧ ಪುರಟ್ಟಾಸಿ, ಉಳಿದರ್ಧ ಐಪ್ಪಸಿ. ಕನ್ನಡ, ತೆಲುಗಿನವರ ಮನೆಯಲ್ಲಿ ಭಾದ್ರಪದದ ಬಾಲ, ಆಶ್ವಯುಜ, ಕೆಲವೊಮ್ಮೆ ಕಾರ್ತಿಕದ ತಲೆ. ಸುತ್ತಲ ಹಳ್ಳಿಗಳ ರೈತರಿಗೆ ಇವ್ಯಾವುವೂ ಮುಖ್ಯವಲ್ಲ. ಅವರಿಗೆ ಇದು ಹಸ್ತ, ಚಿತ್ತ, ಸ್ವಾತಿ ಎಂಬ ಮೂರು ಮಳೆಗಳ ತಿಂಗಳು.

ಎರಡು ಲೆಕ್ಕಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ಜಾಗ ಮಾಂಸದಂಗಡಿ. ಪುರಟ್ಟಾಸಿ ಪೆರುಮಾಳ್, ಅಂದರೆ ವಿಷ್ಣುವಿನ ತಿಂಗಳು. ಶನಿವಾರಗಳಂದು ಉಪವಾಸ, ನಾಮ, ತಳಿಗೆ. ಆ ತಿಂಗಳಿಡೀ ಮಾಂಸ ಮುಟ್ಟದ ತಮಿಳು ಕುಟುಂಬಗಳು ಬಹಳ. ಅದೇ ಹೊತ್ತಿಗೆ ಕನ್ನಡದವರ ಹಳ್ಳಿಗಳಲ್ಲಿ ಪಕ್ಷದ ಹಬ್ಬ. ಮಹಾಲಯ ಅಮಾವಾಸ್ಯೆಗೆ ತೀರಿಹೋದ ಹಿರಿಯರ ಮುಂದೆ ಹೊಸ ಪಂಚೆ, ಸೀರೆ ಇಟ್ಟು, ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಎಡೆಗೆ ಬಡಿಸಬೇಕು. ತಾತನಿಗೆ ಮಟನ್ ಇಷ್ಟವಿದ್ದರೆ ಮಟನ್ನೇ ಆಗಬೇಕು. ಒಂದೇ ಬೀದಿಯಲ್ಲಿ ಒಂದು ಮನೆಯ ಒಲೆ ವ್ರತ ಹಿಡಿದಿರುತ್ತದೆ, ಪಕ್ಕದ ಮನೆಯಲ್ಲಿ ಮಸಾಲೆ ಅರೆಯುವ ಸದ್ದು. ಇಬ್ಬರಿಗೂ ಅದು ಭಕ್ತಿಯೇ.

ಗಣಿ ನಡೆಯುತ್ತಿದ್ದ ಕಾಲದಲ್ಲಿ ಹಬ್ಬಗಳನ್ನು ಹೀಗೆ ಬಿಡದೆ ಹಿಡಿದುಕೊಂಡಿದ್ದಕ್ಕೆ ಇನ್ನೊಂದು ಕಾರಣವೂ ಇದ್ದಿರಬೇಕು. ಭೂಮಿಯ ಒಳಗೆ ಋತುವಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿ.ಮೀ. ಆಳ ಮೀರಿ ಇಳಿದಿತ್ತು. ತಳದ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೇಲೆ ಚಿತ್ತೆ ಮಳೆ ಸುರಿಯಲಿ, ಮಾಗಿಯ ಮಂಜು ಬೀಳಲಿ, ಕೆಳಗಿಳಿದವನಿಗೆ ಅದೇ ಬೆವರು, ಅದೇ ಕತ್ತಲು. ಪಾಳಿ ಮುಗಿದು, ಕಾರ್ಮಿಕರನ್ನು ಹೊತ್ತ ಪಂಜರ ಮೇಲೆ ಬಂದಾಗಲೇ ಅವನಿಗೆ ತಿಂಗಳು ಯಾವುದೆಂದು ಗೊತ್ತಾಗುತ್ತಿತ್ತು, ಅದೂ ಗಣಿಯವರ ಲೈನ್ ಮನೆಗಳ ಸಾಲಿನಿಂದ ಬರುವ ಅಡುಗೆಯ ವಾಸನೆಯಿಂದ. ತಟ್ಟಿ ಗೋಡೆಯ ಆ ಕಿರುಮನೆಗಳಲ್ಲಿ ಒಬ್ಬರ ಹಬ್ಬ ಇನ್ನೊಬ್ಬರ ಮೂಗಿಗೆ ಬೀಳದೆ ಇರುವಂತೆಯೇ ಇರಲಿಲ್ಲ.

ಆಯುಧಪೂಜೆಯ ದಿನ ಮಾತ್ರ ಹಬ್ಬವೇ ಗಣಿಯ ಬಾಯಿಗೆ ಹೋಗುತ್ತಿತ್ತು. ಪಂಜರವನ್ನು ಇಳಿಸಿ ಏರಿಸುವ ವೈಂಡಿಂಗ್ ಇಂಜಿನ್‌ಗೆ ಹೂವು, ಬೈರಿಗೆ ಸುತ್ತಿಗೆಗಳಿಗೆ ಕುಂಕುಮ, ಬಾಗಿಲಲ್ಲಿ ಒಡೆದ ಬೂದುಗುಂಬಳ. ಬಂಡೆ ಸಿಡಿದು ಸಾವು ಬರುವ ಜಾಗದಲ್ಲಿ ಹಗ್ಗಕ್ಕೂ ಯಂತ್ರಕ್ಕೂ ಕೈಮುಗಿಯುವುದು ತೋರಿಕೆಯ ಆಚರಣೆಯಾಗಿರಲಾರದು. ಗಣಿ ಹೋದ ಮೇಲೆ ಆ ಸಂಭ್ರಮದ ಭಾರ ಹೊತ್ತಿದ್ದು 1964ರಲ್ಲಿ ಆರಂಭವಾದ ಬೆಮೆಲ್. ಬುಲ್ಡೋಜರ್, ಎಕ್ಸ್‌ಕವೇಟರ್‌ಗಳ ಆ ಕಾರ್ಖಾನೆಯಲ್ಲಿ ಪೂಜೆಯೆಂದರೆ ಆನೆಗಾತ್ರದ ಯಂತ್ರಗಳಿಗೆ ಹೂವು ಮುಡಿಸುವ ಕೆಲಸ. ಇನ್ನು ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳ ಆಟೋಗಳ ವಿಷಯ ಹೇಳಬೇಕಾಗಿಲ್ಲ. ಅಂದು ಡ್ರೈವರನಿಗೆ ಮುಂದಿನ ರಸ್ತೆ ಕಂಡರೆ ಅದೇ ಹೆಚ್ಚು.

ದಸರೆಯೆಂದರೆ ಕನ್ನಡಿಗರಿಗೆ ಮೈಸೂರು, ಮೈಸೂರೆಂದರೆ ದೀಪ. ಆ ದೀಪಗಳ ಮೂಲ ಹುಡುಕಿದರೆ ದಾರಿ ಮಾರಿಕುಪ್ಪಂ ಕಡೆಗೇ ತಿರುಗುತ್ತದೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಮುತುವರ್ಜಿಯಿಂದ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದನೆಗೆ ಕೈಹಾಕಿದ್ದು ಊರು ಬೆಳಗಲೆಂದಲ್ಲ, ಗಣಿಯ ಯಂತ್ರ ತಿರುಗಲೆಂದು. 1902ರಲ್ಲಿ ಸುಮಾರು 147 ಕಿ.ಮೀ. ತಂತಿಯ ಮೇಲೆ ಕರೆಂಟು ಕೆಜಿಎಫ್ ತಲುಪಿತು. ಬೆಂಗಳೂರಿಗೆ ಅದು ಸಿಕ್ಕಿದ್ದು 1905ರಲ್ಲಿ, ರಾಜಧಾನಿ ಮೈಸೂರಿಗೆ 1908ರಲ್ಲಿ. ಜಂಬೂಸವಾರಿಯ ವಿವರಣೆ ಕೊಡುವವರು ಈ ಸರದಿಯನ್ನು ಒಮ್ಮೆಯಾದರೂ ನೆನೆಯಬೇಕು. ಈಗ ಸಂಜೆಯಾದ ಮೇಲೆ ಚಾಂಪಿಯನ್ ರೀಫ್ ಕಡೆಯ ಕೆಲವು ಲೈನುಗಳ ಮಂಕು ದೀಪಗಳನ್ನು ನೋಡಿದವರಿಗಂತೂ ಇದು ಕಹಿ ತಮಾಷೆಯಾಗಿ ಕಾಣುತ್ತದೆ.

ವಿಜಯದಶಮಿಗೆ ಇಲ್ಲಿ ಇನ್ನೊಂದು ಅರ್ಥವೂ ಇದೆ. 1956ರ ಅಕ್ಟೋಬರ್ 14ರಂದು, ಅಶೋಕ ವಿಜಯದಶಮಿಯೆಂದು ಕರೆಯುವ ದಿನ, ನಾಗಪುರದಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಬೌದ್ಧ ಧಮ್ಮ ಸ್ವೀಕರಿಸಿದರು. ದೇಶದ ಬಹುಪಾಲು ಊರುಗಳಿಗೆ ಅಲ್ಲಿಂದ ಬೌದ್ಧ ಕಥೆ ಶುರುವಾಗುತ್ತದೆ. ಮಾರಿಕುಪ್ಪಂನಲ್ಲಿ ಹಾಗಲ್ಲ. 1898ರಲ್ಲಿ ಸಿಂಹಳಕ್ಕೆ ಹೋಗಿ ದೀಕ್ಷೆ ಪಡೆದ ಅಯೋತಿ ದಾಸ ಪಂಡಿತರು ಮದರಾಸಿನಲ್ಲಿ ಕಟ್ಟಿದ ಶಾಕ್ಯ ಬೌದ್ಧ ಸಂಘಕ್ಕೆ 20ನೇ ಶತಮಾನದ ಆರಂಭದಲ್ಲೇ ಈ ಗಣಿಯೂರಿನಲ್ಲಿ ಶಾಖೆಯಿತ್ತು. ಉತ್ತರ ಆರ್ಕಾಟಿನ ಬರ, ಜಾತಿಯ ಕಾಟ ತಾಳದೆ ಬಂದ ಕಾರ್ಮಿಕರೇ ಅದರ ಬೆನ್ನೆಲುಬು. ಪಂಡಿತರು 1907ರಲ್ಲಿ ಆರಂಭಿಸಿದ ‘ಒರು ಪೈಸಾ ತಮಿಳನ್’ ವಾರಪತ್ರಿಕೆಗೆ ಗಟ್ಟಿ ಓದುಗರಿದ್ದ ಊರುಗಳಲ್ಲಿ ಇದೂ ಒಂದು.

ಆ ಪಂಡಿತರು ದೀಪಾವಳಿಯನ್ನೂ ಬಿಡಲಿಲ್ಲ. ನರಕಾಸುರನ ಕಥೆ ಆಮೇಲೆ ಸೇರಿಸಿದ್ದು, ಎಳ್ಳಿನಿಂದ ಎಣ್ಣೆ ತೆಗೆಯುವ ವಿದ್ಯೆಯನ್ನು ಬೌದ್ಧ ಭಿಕ್ಷುಗಳು ಕಂಡುಕೊಂಡ ನೆನಪಿಗೆ ಜನ ಎಣ್ಣೆಸ್ನಾನ ಮಾಡಿದ ದಿನವದು ಎಂಬುದು ಅವರ ವಾದ. ಇತಿಹಾಸಕಾರರು ಒಪ್ಪುತ್ತಾರೋ ಬಿಡುತ್ತಾರೋ ಬೇರೆ ಮಾತು. ದೂಳು, ಬೆವರು, ಗ್ರೀಸಿನಲ್ಲಿ ವರ್ಷ ಕಳೆಯುವ ಗಣಿ ಕಾರ್ಮಿಕನಿಗೆ ಅಸುರವಧೆಗಿಂತ ಎಣ್ಣೆ ಕಂಡುಹಿಡಿದ ಕಥೆ ಹತ್ತಿರವಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಕ್ಯಾಥೋಲಿಕರಿಗೆ ಅಕ್ಟೋಬರ್ ಜಪಮಾಲೆಯ ತಿಂಗಳು. ಅಕ್ಟೋಬರ್ 7 ಜಪಮಾಲೆ ಮಾತೆಯ ದಿನ; ಅದಕ್ಕೆ ಮೊದಲಿದ್ದ ಹೆಸರು ವಿಜಯ ಮಾತೆಯ ಹಬ್ಬ. ಚಾಂಪಿಯನ್ ರೀಫ್‌ನ ಹಳೆಯ ಚರ್ಚು ಇರುವುದೂ ವಿಜಯ ಮಾತೆಯ ಹೆಸರಿನಲ್ಲೇ. ಹೀಗೆ ದುರ್ಗೆಯ ವಿಜಯ, ಅಶೋಕನ ವಿಜಯ, ಮರಿಯಮ್ಮನವರ ವಿಜಯ ಮೂರೂ ಕೆಲವೇ ಮೈಲಿಗಳೊಳಗೆ, ಕೆಲವೇ ದಿನಗಳೊಳಗೆ ಬಂದುಹೋಗುತ್ತವೆ. ತಿಂಗಳ ಕೊನೆಗೆ ಸಮಾಧಿಗಳ ಸುತ್ತ ಹುಲ್ಲು ಕಿತ್ತು ಸುಣ್ಣ ಬಳಿಯುವ ಕೆಲಸ. ನವೆಂಬರ್ 2 ಕಲ್ಲರೈ ದಿನ, ಅಗಲಿದವರಿಗೆ ಮೇಣದಬತ್ತಿ ಹಚ್ಚುವ ದಿನ. ಪಕ್ಷದ ಎಡೆಯಿಂದ ಶುರುವಾದ ಹಿರಿಯರ ನೆನಪು ಆ ಮೇಣದಬತ್ತಿಯವರೆಗೂ ಹಬ್ಬುತ್ತದೆ.

ಹಬ್ಬಗಳು ಇಂಗ್ಲಿಷ್ ತಾರೀಖಿಗೆ ಕಟ್ಟುಬಿದ್ದವಲ್ಲ. 2025ರಲ್ಲಿ ವಿಜಯದಶಮಿ ಗಾಂಧಿ ಜಯಂತಿಯಂದೇ ಬಂದು, ದೀಪಾವಳಿಯೂ ಅಕ್ಟೋಬರ್‌ನಲ್ಲೇ ಮುಗಿಯಿತು. 2026ರಲ್ಲಿ ಅಧಿಕ ಜ್ಯೇಷ್ಠ ಸೇರಿ ಎಲ್ಲವೂ ಮುಂದಕ್ಕೆ ಸರಿದು, ಮಹಾಲಯ ಅಮಾವಾಸ್ಯೆಯೇ ಅಕ್ಟೋಬರ್ 10ಕ್ಕೆ, ದೀಪಾವಳಿ ನವೆಂಬರ್‌ಗೆ. ಆದರೆ ಯಾವ ವರ್ಷವಾದರೂ ಅಕ್ಟೋಬರ್ ಕಳೆಯುವುದರೊಳಗೆ ಕೋಲಾರ ಸೀಮೆಯ ಅಡುಗೆಮನೆಗಳಲ್ಲಿ ಒಂದು ಮಾತು ಬರದೆ ಇರುವುದಿಲ್ಲ: ಕಜ್ಜಾಯಕ್ಕೆ ಅಕ್ಕಿ ಯಾವಾಗ ನೆನೆಹಾಕೋಣ?

ತಮಿಳರು ಅದನ್ನು ಅದಿರಸಂ ಎನ್ನುತ್ತಾರೆ, ತೆಲುಗಿನವರು ಅರಿಸೆಲು. ಹೆಸರು ಮೂರು, ಕಷ್ಟ ಒಂದೇ. ನೆನೆದ ಅಕ್ಕಿಯನ್ನು ನೆರಳಲ್ಲಿ ಆರಿಸಬೇಕು, ಪೂರ್ತಿ ಒಣಗಬಾರದು, ಪಸೆ ಇರುವಾಗಲೇ ಕುಟ್ಟಬೇಕು. ಬೆಲ್ಲದ ಪಾಕದ ಒಂದು ತೊಟ್ಟನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉರುಟಿದರೆ ಮೆತ್ತನೆ ಉಂಡೆಯಾಗಬೇಕು. ಪಾಕ ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ, ಬಲಿತರೆ ಹಲ್ಲಿಗೆ ಕೆಲಸ. ಕರಿದದ್ದನ್ನು ಎರಡು ಜಾಲರಿ ಸೌಟುಗಳ ನಡುವೆ ಒತ್ತಿ ಎಣ್ಣೆ ಇಳಿಸಬೇಕು. ಸ್ವಾತಿ ಮಳೆಯ ತೇವದಲ್ಲಿ ಅಕ್ಕಿ ಆರುವುದೇ ಇಲ್ಲವೆಂಬುದು ಪ್ರತಿ ವರ್ಷದ ದೂರು, ಕೆಟ್ಟ ಪಾಕಕ್ಕೆ ಒಳ್ಳೆಯ ನೆಪ ಕೂಡ.

ದೀಪಾವಳಿಗೆ ಕೇದಾರ ಗೌರಿ ನೋಮು ಇರುವ ಮನೆಗಳಲ್ಲಿ ಕಜ್ಜಾಯಕ್ಕೆ ಲೆಕ್ಕವೂ ಉಂಟು. ದಾರದ ಎಳೆ 21, ಕಜ್ಜಾಯ 21. ಮೊರದಲ್ಲಿಟ್ಟು ದೇವರ ಮುಂದೆ ಪೂಜಿಸಿ, ಹೊಸ ನೋಮುದಾರ ಕಟ್ಟಿಕೊಂಡು, ಬಳಿಕ ಹಂಚಿಕೆ. ನೋಮು ಇಲ್ಲದ ಮನೆಗೂ ಕಜ್ಜಾಯ ತಲುಪುತ್ತದೆ, ಅವರ ಮನೆಯ ಬಿರಿಯಾನಿ, ಕೇಕು ಮುಂದೆ ರಂಜಾನ್, ಕ್ರಿಸ್‌ಮಸ್‌ಗೆ ಹಿಂದಿರುಗುತ್ತವೆ. ಹಬ್ಬದ ದಿನದಲ್ಲೂ ಒಮ್ಮತವಿಲ್ಲ. ತಮಿಳರಿಗೆ ನರಕ ಚತುರ್ದಶಿಯ ನಸುಕಿನ ಎಣ್ಣೆಸ್ನಾನವೇ ದೀಪಾವಳಿ. ಕನ್ನಡದವರಿಗೆ ಹಿಂದಿನ ರಾತ್ರಿ ಹಂಡೆಗೆ ನೀರು ತುಂಬುವುದರಿಂದ ಬಲಿಪಾಡ್ಯಮಿಯವರೆಗೆ ಹಬ್ಬವೋ ಹಬ್ಬ. ಪಟಾಕಿ ಸಿಡಿಸುವ ಮಕ್ಕಳು ಎಲ್ಲರ ಪಂಚಾಂಗವನ್ನೂ ಒಪ್ಪಿಕೊಂಡುಬಿಟ್ಟಿದ್ದಾರೆ.

ಊರ ಹೊರಗೆ ಈ ಹೊತ್ತಿನ ಮಾತೆಲ್ಲ ಮುಗಿಲಿನದು. ಕೋಲಾರಕ್ಕೆ ಮುಂಗಾರು ಅರೆಮನಸ್ಸಿನ ನೆಂಟ. ಇಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ಗಳದು. ಸದಾ ಹರಿಯುವ ನದಿಯಿಲ್ಲದ ಸೀಮೆ. ಹರಿದರೆ ಪಾಲಾರ್, ತುಂಬಿದರೆ ಬೇತಮಂಗಲದ ಕೆರೆ. ಗಣಿಯೂರಿನ ನಲ್ಲಿಗಳಿಗೆ ನೀರು ಕೊಟ್ಟಿದ್ದೂ ಆ ಕೆರೆಯೇ. ಹಸ್ತೆ ಕೈಕೊಟ್ಟರೆ ರಾಗಿ ತೆನೆ ಜೊಳ್ಳು. ಚಿತ್ತೆ ಅತಿಯಾದರೆ ಬಲಿತ ತೆನೆ ನೆಲಕ್ಕೊರಗಿ ಅಲ್ಲೇ ಮೊಳಕೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂದು ರೇಡಿಯೊ ಹೇಳಿದ ಮರುದಿನದಿಂದ ಎರಡು ಮೂರು ದಿನ ಬಿಸಿಲ ಮುಖವಿಲ್ಲದ ಸೋನೆ. ಸಾಲಿನ ನಡುವಿನ ಅವರೆ ಮಾತ್ರ ಆ ತಂಪಿಗೆ ಬಳ್ಳಿ ಚಾಚಿ ಹೂವಿಗೆ ಸಜ್ಜಾಗುತ್ತದೆ. ಸ್ವಾತಿಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆಂದು ನಂಬಿಕೆ. ಇಲ್ಲಿ ಅದು ಬೀಳುವುದು ಚಿನ್ನ ತೆಗೆದ ಮೇಲೆ ಉಳಿದ ಬೂದು ಮಣ್ಣಿನ ಮೇಲೆ.

ಸೈನೈಡ್ ದಿಬ್ಬಗಳೆಂದು ಜನ ಕರೆಯುವ ಆ ಗುಡ್ಡಗಳು 13. ಒಟ್ಟು ಸುಮಾರು 3.3 ಕೋಟಿ ಟನ್ ಅದಿರಿನ ಹುಡಿ. ಗಾಳಿಯ ತಿಂಗಳುಗಳಲ್ಲಿ ಅದರ ದೂಳು ಒಗೆದ ಬಟ್ಟೆಗೂ, ಅನ್ನದ ತಟ್ಟೆಗೂ, ಉಸಿರಿಗೂ ಬರುತ್ತದೆ. ಅಕ್ಟೋಬರ್ ಮಳೆ ದೂಳನ್ನು ಕೂರಿಸುತ್ತದೆ, ಆದರೆ ದಿಬ್ಬದ ಮೈ ಕೊರೆದು ಮಣ್ಣನ್ನು ಹಳ್ಳ, ಹೊಲಗಳಿಗೆ ಇಳಿಸುತ್ತದೆ. ಹೊರಗಿನವರ ಕ್ಯಾಮೆರಾಗಳಿಗೆ ಮಳೆ ಕೊರೆದ ಆ ಗೀರುಗಳು ಬಹಳ ಚೆಂದ. ಕೆಳಗಿನ ಹೊಲದ ಒಡೆಯನನ್ನು ಕೇಳಿದರೆ ಬೇರೆ ವರ್ಣನೆ ಸಿಗುತ್ತದೆ.

ನೋಡಬೇಕೆನ್ನುವವರು ಸಿನಿಮಾದ ಕೆಜಿಎಫ್ ಅನ್ನು ಮನೆಯಲ್ಲೇ ಬಿಟ್ಟು, ಮಳೆ ಬಿಡುವು ಕೊಟ್ಟ ಒಂದು ಅಕ್ಟೋಬರ್ ಭಾನುವಾರ ಬೆಂಗಳೂರಿನಲ್ಲಿ ಮಾರಿಕುಪ್ಪಂ ರೈಲು ಹತ್ತಲಿ. ಬಂಗಾರಪೇಟೆಯ ತಿಳಿನೀರಿನ ಪಾನಿಪುರಿಯನ್ನು ಹಿಂದಿರುಗುವಾಗ ತಿಂದರಾಯಿತು, ಮೊದಲೇ ತಿಂದರೆ ಖಾರಕ್ಕೆ ಕಣ್ಣೀರು ಬಂದು ದಿಬ್ಬಗಳು ಕಾಣುವುದಿಲ್ಲ. ಕೋರಮಂಡಲ್ ದಾಟಿದ ಮೇಲೆ ಕಿಟಕಿಯ ಪಕ್ಕ ಕೂತಿರಬೇಕು. ಕಿಟಕಿಯ ಸರಳಿಗೆ ಒಣಗಿದ ಸೇವಂತಿಗೆ ಮಾಲೆ ಇನ್ನೂ ಇದ್ದರೆ ಅದನ್ನು ಕೀಳಬೇಡಿ, ಸೋಮವಾರ ಬೆಳಗ್ಗೆ ಆ ಸೀಟಿನವರು ಬರುತ್ತಾರೆ.