ಮರಿಯೇ ಇಡುವ ಮುಹೂರ್ತ

ಕಳೆದ ಶತಮಾನದ ನಡುಭಾಗದಲ್ಲಿ ಅಮೆರಿಕದ ಐಡಾಹೊ ರಾಜ್ಯದ ಕುರಿಗಾರರಿಗೆ ವಿಚಿತ್ರ ಕಾಟವೊಂದು ಗಂಟುಬಿತ್ತು. ಬೆಟ್ಟಕ್ಕೆ ಮೇಯಲು ಹೋದ ಗಬ್ಬದ ಕುರಿಗಳು ಹಣೆಯ ನಡುವೆ ಒಂದೇ ಕಣ್ಣಿನ ಮರಿ ಹಾಕುತ್ತಿದ್ದವು. ಕೆಲವು ಕುರಿಗಳು ಐದು ತಿಂಗಳು ತುಂಬಿ ದಿನ ಮೀರಿದರೂ ಈಯುತ್ತಲೇ ಇರಲಿಲ್ಲ. ಮರಿ ಹೊಟ್ಟೆಯೊಳಗೇ ಬೆಳೆಯುತ್ತ ಹೋಗುತ್ತಿತ್ತು. ಕೃಷಿ ಇಲಾಖೆಯ ವಿಜ್ಞಾನಿಗಳಿಗೆ ಸಿಕ್ಕಿಬಿದ್ದ ಕಳ್ಳ, ವೆರಾಟ್ರಮ್ ಎಂಬ ಕಾಡುಗಿಡ. ಗಬ್ಬ ನಿಂತ 14ನೇ ದಿನದ ಸುಮಾರಿಗೆ ಕುರಿ ಅದನ್ನು ಮೇದರೆ ಮರಿಯ ಮುಖ, ಮಿದುಳು ಕೆಡುತ್ತವೆ. ನೋಡಿದವರೆಲ್ಲ ಬೆಚ್ಚಿದ್ದು ಆ ಒಂಟಿಕಣ್ಣಿಗೆ. ಹೆರಿಗೆಯ ಗುಟ್ಟು ಇದ್ದದ್ದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ. ದಿನ ಮೀರಿದ ಮರಿಗಳಲ್ಲಿ ಅದು ನೆಟ್ಟಗಿರಲಿಲ್ಲ. ತಾಯಿಯ ಗ್ರಂಥಿಗೆ ಮಾತ್ರ ಏನೂ ಆಗಿರಲಿಲ್ಲ.

ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಹೆರಿಗೆ ವೈದ್ಯರಾಗಿದ್ದ ಗ್ರಹಾಂ ಲಿಗಿನ್ಸ್ 1960ರ ದಶಕದಲ್ಲಿ ಇದನ್ನೇ ಬೇಕೆಂದು ಮಾಡಿ ನೋಡಿದರು. ಗರ್ಭದಲ್ಲಿದ್ದ ಮರಿಯ ಪಿಟ್ಯುಟರಿಯನ್ನು ನಾಶಮಾಡಿದರೆ ಕುರಿ ಈಯಲಿಲ್ಲ. ಮರಿಗೆ ಕಾರ್ಟಿಸಾಲ್ ಹಾರ್ಮೋನು ಕೊಟ್ಟರೆ ಅವಧಿಗೆ ಮುಂಚೆಯೇ ಬೇನೆ ಬಂತು. ಅಂದರೆ ದಿನ ಗೊತ್ತುಮಾಡುವುದು ಮರಿ!

ಕಾರ್ಟಿಸಾಲ್ ನೇರವಾಗಿ ಗರ್ಭಕೋಶವನ್ನು ಹಿಂಡುವುದಿಲ್ಲ. ಗರ್ಭಕೋಶವನ್ನು ತಿಂಗಳುಗಟ್ಟಲೆ ಸುಮ್ಮನಿರಿಸುವುದು ಪ್ರೊಜೆಸ್ಟರಾನ್. ಪಿಟ್ಯುಟರಿಯ ಆಣತಿಯಂತೆ ಮರಿಯ ಅಡ್ರಿನಲ್ ಗ್ರಂಥಿಯಿಂದ ಬಂದ ಕಾರ್ಟಿಸಾಲ್ ಮಾಸಿನಲ್ಲಿ ಒಂದು ಕಿಣ್ವವನ್ನು ಚುರುಕುಗೊಳಿಸುತ್ತದೆ. ಅಲ್ಲಿಂದ ಮುಂದೆ ಪ್ರೊಜೆಸ್ಟರಾನ್ ಇಳಿಮುಖ, ಈಸ್ಟ್ರೊಜನ್ ಏರುಮುಖ. ಪ್ರೊಸ್ಟಗ್ಲಾಂಡಿನ್ ಹೆಚ್ಚಿ, ಆಕ್ಸಿಟೋಸಿನ್ನಿಗೆ ಓಗೊಡುವ ಗ್ರಾಹಕಗಳು ಗರ್ಭಕೋಶದ ಸ್ನಾಯುವಿನಲ್ಲಿ ತುಂಬಿಕೊಳ್ಳುತ್ತವೆ. ಮರಿ ಕೆಳಕ್ಕೆ ಒತ್ತಿದಷ್ಟೂ ತಾಯಿಯ ಮಿದುಳು ಆಕ್ಸಿಟೋಸಿನ್ ಸುರಿಸುತ್ತದೆ, ಬೇನೆ ಬಲವಾಗುತ್ತದೆ. ಎಲ್ಲರ ಬಾಯಲ್ಲಿರುವ ಹೆಸರು ಆಕ್ಸಿಟೋಸಿನ್. ಆದರೆ ಅದು ಕೆಲಸಕ್ಕೆ ಇಳಿಯುವಷ್ಟರಲ್ಲಿ ಅರ್ಧ ತಯಾರಿ ಮುಗಿದಿರುತ್ತದೆ.

ಮನುಷ್ಯರಲ್ಲಿ ಲೆಕ್ಕ ಬೇರೆ. ಬೇನೆ ಶುರುವಾಗುವಾಗಲೂ ಹೆಂಗಸಿನ ರಕ್ತದಲ್ಲಿ ಪ್ರೊಜೆಸ್ಟರಾನ್ ಇಳಿದಿರುವುದಿಲ್ಲ, ಗರ್ಭಕೋಶವೇ ಅದರ ಮಾತಿಗೆ ಕಿವುಡಾಗುತ್ತದೆ. ಕುರಿಯ ಸೂತ್ರ ಇಲ್ಲಿ ನಡೆಯುವುದಿಲ್ಲ.

ಆದರೂ ಲಿಗಿನ್ಸರ ಕುರಿಗಳ ಋಣ ನಮ್ಮ ಮೇಲಿದೆ. ಕಾರ್ಟಿಸಾಲ್‌ನಂಥ ಸ್ಟೀರಾಯ್ಡ್ ಪಡೆದು ತೀರ ಬೇಗ ಹುಟ್ಟಿದ ಮರಿ ಉಸಿರಾಡಲಾಗದೆ ಸಾಯಬೇಕಿತ್ತು, ಅದು ಉಸಿರಾಡಿತು. ಬೇನೆ ಬರಿಸಿದ ಹಾರ್ಮೋನೇ ಶ್ವಾಸಕೋಶವನ್ನೂ ಬಲಿಸಿತ್ತು. ಲಿಗಿನ್ಸ್ ಮತ್ತು ಮಕ್ಕಳ ವೈದ್ಯ ರಾಸ್ ಹೋವಿ ಇದೇ ಜಾಡು ಹಿಡಿದು ತಾಯಂದಿರಿಗೆ ಸ್ಟೀರಾಯ್ಡ್ ಕೊಟ್ಟು, 1972ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವಧಿಗೆ ಮುಂಚೆ ಹೆರಿಗೆಯಾಗುವ ಭಯವಿದ್ದರೆ ನಮ್ಮ ಆಸ್ಪತ್ರೆಗಳಲ್ಲಿ ಗರ್ಭಿಣಿಗೆ ಕೊಡುವ ಡೆಕ್ಸಾಮೆಥಸೋನ್ ಚುಚ್ಚುಮದ್ದಿನ ಮೂಲ ಆ ಕುರಿಹಟ್ಟಿಯಲ್ಲಿದೆ.