ಬರೆಯೊಳಗಿನ ನೀರಿಗೊಂದು ಅಂದಾಜು ಲೆಕ್ಕ

ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿ ಮೂರ್ನಾಡು ಸಿಗುತ್ತೆ. ಮೇಲೆ ಕಾಫಿ ತೋಟ, ಕೆಳಗೆ ಗದ್ದೆ, ನಡುವೆ ಇಳಿಜಾರು. ಮಳೆಗಾಲ ಬಲಿತ ಮೇಲೆ ಗದ್ದೆಯಂಚಿನ ಬರೆಯಿಂದ ನೀರು ಜಿನುಗೋಕೆ ಶುರುವಾಗುತ್ತೆ. ಮಳೆ ಎರಡು ದಿನ ಬಿಡುವು ಕೊಟ್ಟರೂ ಒರತೆ ನಿಲ್ಲಲ್ಲ. ಮಣ್ಣೊಳಗೆ ಆ ನೀರು ಎಷ್ಟು ಎತ್ತರಕ್ಕೆ ನಿಂತಿದೆ? 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದದ್ದನ್ನು ಕಂಡವರಿಗೆ ಇದು ಜೀವದ ಪ್ರಶ್ನೆ.

ಕ್ಲಾಸಿನಲ್ಲಿ ಕಲಿತ ನೇವಿಯರ್-ಸ್ಟೋಕ್ಸ್ ಸಮೀಕರಣವನ್ನು ಮಣ್ಣಿನ ಒಂದೊಂದು ರಂಧ್ರಕ್ಕೂ ಬಿಡಿಸೋಕೆ ಆಗಲ್ಲ. ಹಾಗಾಗಿ ಅಂದಾಜು ಬೇಕು. ಮೊದಲನೆಯದನ್ನು ಕೊಟ್ಟವರು ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ. ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ, 1856ರಲ್ಲಿ ಅವರು ಹೇಳಿದ್ದಿಷ್ಟು: ಹರಿವಿನ ವೇಗ ನೀರಿನ ಮಟ್ಟದ ಇಳಿಜಾರಿಗೆ ಅನುಪಾತದಲ್ಲಿರುತ್ತೆ. ಆ ಅನುಪಾತದ ಸಂಖ್ಯೆಯೇ ಮಣ್ಣಿನ ವಾಹಕತೆ. ಎರಡನೆಯ ಅಂದಾಜು 1863ರಲ್ಲಿ ದ್ಯುಪ್ವಿ ಅವರದು: ನೀರಿನ ಮಟ್ಟದ ಇಳಿಜಾರು ಕಡಿಮೆ ಇದ್ದರೆ ಹರಿವೆಲ್ಲಾ ಅಡ್ಡಡ್ಡವಾಗಿದೆ ಅಂದುಕೊಳ್ಳಿ. ಆಗ ಕಷ್ಟದ ಸಮೀಕರಣ ಒಂದು ಸಾಲಿಗೆ ಇಳಿಯುತ್ತೆ:

ಹರಿವು = ವಾಹಕತೆ × (ಮೇಲಿನ ನೀರೆತ್ತರದ ವರ್ಗ − ಕೆಳಗಿನ ನೀರೆತ್ತರದ ವರ್ಗ) ÷ (2 × ಉದ್ದ)

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ನಾವೇ ಇಟ್ಟುಕೊಂಡವು, ಅಳೆದು ತಂದವಲ್ಲ. ತೋಟದಿಂದ ಗದ್ದೆಗೆ 80 ಮೀಟರ್. ಅಡಿಯ ಬಂಡೆ ಮಟ್ಟಸವಾಗಿದೆ ಅಂದುಕೊಂಡರೆ, ಅದರ ಮೇಲೆ ನೀರಿನ ಎತ್ತರ ತೋಟದ ಕಡೆ 6 ಮೀಟರ್, ಗದ್ದೆ ಕಡೆ 2 ಮೀಟರ್. ವಾಹಕತೆ ಸೆಕೆಂಡಿಗೆ ಮೀಟರಿನ ಲಕ್ಷದಲ್ಲೊಂದು ಪಾಲು. ಉತ್ತರ: ಗದ್ದೆಯಂಚಿನ ಪ್ರತಿ ಮೀಟರಿಗೆ ದಿನಕ್ಕೆ ಸುಮಾರು 173 ಲೀಟರ್. ಇಳಿಜಾರಿನ ನಡುಮಧ್ಯದಲ್ಲಿ ಎತ್ತರದ ವರ್ಗ 36 ಮತ್ತು 4ರ ಸರಾಸರಿ, ಅಂದರೆ 20. ಎತ್ತರ 4.5 ಮೀಟರ್.

ಈಗ ಮಳೆ ಸೇರಿಸಿ. ದಿನಕ್ಕೆ ಬರೀ 10 ಮಿಲಿಮೀಟರ್ ನೀರು ಬಿಡದೆ ಇಂಗುತ್ತಿದೆ ಅನ್ನಿ. ನಡುಮಧ್ಯದ ಎತ್ತರದ ವರ್ಗಕ್ಕೆ (ಇಂಗುವ ದರ ÷ ವಾಹಕತೆ) × (ಉದ್ದದ ವರ್ಗ ÷ 4) ಕೂಡಬೇಕು. ಅದು 18.5. ಒಟ್ಟು 38.5, ಎತ್ತರ 6.2 ಮೀಟರ್! ನಡುವಿನ ನೀರು ತೋಟದ ಕಡೆಯ ನೀರಿಗಿಂತ ಮೇಲೇರಿತು. ಇಂಗುವುದು 20 ಮಿಲಿಮೀಟರ್ ಆದರೆ 7.6 ಮೀಟರ್. ನೀರು ಏರಿದಷ್ಟೂ ಮಣ್ಣಿನ ಕಣಗಳು ಒಂದನ್ನೊಂದು ಒತ್ತುವ ಬಲ ಇಳಿಯುತ್ತೆ, ಘರ್ಷಣೆ ಸೋಲುತ್ತೆ, ಬರೆ ಜಾರುತ್ತೆ.

ಇದು ಒಂದೇ ದಿನದಲ್ಲಿ ಆಗುತ್ತಾ? ಇಲ್ಲ. ಕಾಲವನ್ನೂ ಸೇರಿಸಿ, ನೀರಿನ ಎತ್ತರದ ಬದಲು ಅದರ ಸರಾಸರಿ 5 ಮೀಟರ್ ಇಟ್ಟು, ನೀರು ತುಂಬಿ ಖಾಲಿಯಾಗುವ ರಂಧ್ರಗಳು ಮಣ್ಣಿನ ಹತ್ತನೇ ಒಂದು ಭಾಗ ಅಂತ ಹಿಡಿದರೆ, ಮಟ್ಟ ಹೊಸ ಜಾಗಕ್ಕೆ ಬಹುಪಾಲು ಹೊಂದಿಕೊಳ್ಳೋಕೆ ಸುಮಾರು 15 ದಿನ ಬೇಕು. ಅಂದರೆ ಇವತ್ತಿನ ಮಳೆಯಷ್ಟೇ ಹಿಂದಿನ ಎರಡು ವಾರದ ಮಳೆಯೂ ಮುಖ್ಯ. ಜೂನ್, ಜುಲೈ ಪೂರ್ತಿ ನೆನೆದ ಗುಡ್ಡಕ್ಕೆ ಆಗಸ್ಟ್‌ನ ಜಡಿಮಳೆ ಯಾಕೆ ಅಷ್ಟು ಭಾರವಾಗುತ್ತೆ ಅನ್ನೋದಕ್ಕೆ ಇದೊಂದು ಉತ್ತರ.

ಈ ಅಂದಾಜು ಕೈಕೊಡೋದು ಎಲ್ಲಿ? ಬರೆಯ ಬುಡದಲ್ಲಿ. ನೀರು ಗದ್ದೆಯ ಮಟ್ಟದಲ್ಲೇ ಹೊರಬರುತ್ತೆ ಅಂತ ದ್ಯುಪ್ವಿ ಲೆಕ್ಕ ಹೇಳುತ್ತೆ. ನಿಜದಲ್ಲಿ ಅದು ಬರೆಯ ಮೈಮೇಲೆ, ಇನ್ನೂ ಎತ್ತರದಿಂದಲೇ ಜಿನುಗುತ್ತೆ. ಅಲ್ಲಿ ಹರಿವು ಅಡ್ಡಡ್ಡವಾಗಿಲ್ಲ. ಒಟ್ಟು ಹರಿವಿನ ಉತ್ತರ ಚೆನ್ನಾಗಿ ಬರುತ್ತೆ, ಆದರೆ ಮಣ್ಣು ಸಡಿಲವಾಗೋ ಜಾಗದ ಚಿತ್ರ ತಪ್ಪುತ್ತೆ. ಬಂಡೆಯೇ ಓರೆಯಾಗಿದ್ದರೆ, ಮಣ್ಣೊಳಗೆ ಬಿಲಗಳಿದ್ದರೆ ತಪ್ಪು ಇನ್ನೂ ಹೆಚ್ಚು. ಅಲ್ಲಿಗೆ ಕಂಪ್ಯೂಟರಿನ ಸಂಖ್ಯಾತ್ಮಕ ವಿಧಾನಗಳೇ ಬೇಕು.

ನೀರನ್ನು ಹೊರತೆಗೆಯೋಕೆ ಬರೆಯೊಳಗೆ ತೂತಿರುವ ಪೈಪ್ ತೂರಿಸುವುದುಂಟು. ಗೋಡೆಯಿಂದಲೇ ನೀರು ಒಳಬರುವ ಇಂಥ ನಾಲೆಯ ಸರಳ ರೂಪವನ್ನು, ಅಂದರೆ ಎರಡು ಸರಂಧ್ರ ಹಲಗೆಗಳ ನಡುವಿನ ಹರಿವನ್ನು, 1953ರಲ್ಲಿ ಬರ್ಮನ್ ಬಿಡಿಸಿದರು. ಗೋಡೆ ದಾಟುವ ನೀರಿನ ರೆನಾಲ್ಡ್ಸ್ ಸಂಖ್ಯೆ ಚಿಕ್ಕದಿದ್ದಾಗ ಉತ್ತರವನ್ನು ಸರಣಿಯಾಗಿ ಬರೆಯಬಹುದು: ಮೊದಲ ಪದ ನಮಗೆ ಗೊತ್ತಿರುವ ಪ್ಯಾರಾಬೋಲಾ, ಮುಂದಿನವು ಸಣ್ಣ ತಿದ್ದುಪಡಿಗಳು. ಇದೇ ಪರ್ಟರ್ಬೇಷನ್ ವಿಧಾನ. ಆ ಸಂಖ್ಯೆ ದೊಡ್ಡದಾದರೆ ತಿದ್ದುಪಡಿಯೇ ಮೂಲಕ್ಕಿಂತ ದೊಡ್ಡದಾಗಿ ಸರಣಿ ಕೆಲಸಕ್ಕೆ ಬಾರದು. ನಮ್ಮ ನಾಡಿನಲ್ಲೂ ಈ ವಿಷಯದ ದೊಡ್ಡ ಪರಂಪರೆ ಇದೆ: ಬೆಂಗಳೂರು ವಿಶ್ವವಿದ್ಯಾಲಯದ ಎನ್. ರುದ್ರಯ್ಯ ಅವರು ಸರಂಧ್ರ ಮಾಧ್ಯಮದ ಹರಿವಿನ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ನಡೆಸಿದರು.

ಅಂದಾಜು ಅಂದರೆ ಕಣ್ಣಳತೆ ಅಲ್ಲ. ಏನನ್ನು ಬಿಟ್ಟಿದ್ದೇವೆ, ಬಿಟ್ಟದ್ದು ಎಲ್ಲಿ ಮತ್ತೆ ತಲೆ ಎತ್ತುತ್ತೆ ಅನ್ನೋದು ಗೊತ್ತಿರಬೇಕು. ನಮ್ಮ ಲೆಕ್ಕದಲ್ಲಿ ಇಂಗುವ ನೀರನ್ನು 10ರಿಂದ 5 ಮಿಲಿಮೀಟರಿಗೆ ಇಳಿಸಿದರೆ ನಡುವಿನ ಮಟ್ಟ 5.4 ಮೀಟರಿಗೆ ಇಳಿಯುತ್ತೆ. ತೋಟದ ಇಂಗುಗುಂಡಿ ಬೇಸಿಗೆಗೆ ವರವೇ, ಆದರೆ ಮನೆಯ ಹಿಂದಿನ ಕಡಿದಾದ ಬರೆಯ ನೆತ್ತಿಯಲ್ಲಿ ತೆಗೆದರೆ ಆ 5, 10 ಆಗಬಹುದು. ರಜೆಗೆ ಊರಿಗೆ ಹೋದಾಗ, ಗುದ್ದಲಿ ಎತ್ತೋ ಮೊದಲು ಈ ಲೆಕ್ಕವನ್ನ ಒಮ್ಮೆ ಹಾಕಿ ನೋಡಿ.