ಕಡಲೊಡಲಿನಿಂದ ಮರಳಿದ ವಿಮಾನ

ಇಂಗ್ಲೆಂಡಿನ ಆಗ್ನೇಯ ಕರಾವಳಿಯ ಸಮೀಪದಲ್ಲಿ ಗುಡ್‌ವಿನ್ ಸ್ಯಾಂಡ್ಸ್ ಎಂಬ ವಿಸ್ತಾರವಾದ ಮರಳುದಿಣ್ಣೆಯಿದೆ. ಉಬ್ಬರವಿಳಿತಗಳ ಸೆಳೆತಕ್ಕೆ ಸಿಲುಕಿ ಇಲ್ಲಿಯ ಮರಳು ಸದಾ ಸ್ಥಳಾಂತರಗೊಳ್ಳುತ್ತಿರುತ್ತದೆ. ಎಷ್ಟೋ ಹಡಗುಗಳನ್ನು ನುಂಗಿದ ಈ ದಿಣ್ಣೆಯು, ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಜರ್ಮನಿಯ ಬಾಂಬರ್ ವಿಮಾನವೊಂದನ್ನೂ ತನ್ನಲ್ಲಿ ಅಡಗಿಸಿಕೊಂಡಿತು.

ಅದು ಡಾರ್ನಿಯರ್ 17 ಎಂಬ ಬಗೆಯದು. ಕೃಶವಾದ ಒಡಲಿನ ಕಾರಣದಿಂದ ಇದಕ್ಕೆ ‘ಹಾರುವ ಪೆನ್ಸಿಲ್’ ಎಂಬ ಅಡ್ಡಹೆಸರು ಬಂದಿದ್ದಿತು. ಈ ಬಗೆಯ 2000ಕ್ಕೂ ಹೆಚ್ಚು ವಿಮಾನಗಳು ನಿರ್ಮಾಣವಾಗಿದ್ದವು. ಆದರೆ ಅನೇಕವು ಯುದ್ಧದಲ್ಲಿ ನಾಶವಾದವು. ಮಿಕ್ಕವು ಗುಜರಿಯ ಪಾಲಾದವು. ಕೊನೆಗೆ ಯಾವ ವಸ್ತುಸಂಗ್ರಹಾಲಯದಲ್ಲಿಯೂ ಇಡಿಯಾದ ಒಂದು ಡಾರ್ನಿಯರ್ 17 ಉಳಿಯಲಿಲ್ಲ. ಹೀಗಿರಲು, ಸುಮಾರು 15 ಮೀಟರ್ ಆಳದಲ್ಲಿ ತಲೆಕೆಳಗಾಗಿ ಬಿದ್ದಿದ್ದ ಈ ವಿಮಾನದ ಆಕೃತಿಯನ್ನು 2008ರಲ್ಲಿ ಸೋನಾರ್ ಉಪಕರಣವು ತೋರಿಸಿಕೊಟ್ಟಿತು.

ಇಷ್ಟು ವರ್ಷ ಇದನ್ನು ಕಾಪಾಡಿದುದು ಮರಳೇ. ಮರಳಿನಡಿಯಲ್ಲಿ ಆಮ್ಲಜನಕವು ಅತ್ಯಲ್ಪ. ಆದ್ದರಿಂದ ಲೋಹದ ಸವೆತವೂ ನಿಧಾನ. ಆದರೆ ಮರಳು ಸರಿದು ವಿಮಾನವು ಬಯಲಾದೊಡನೆ ಅಪಾಯವು ಒದಗಿತು. ಹಾಗೆಯೇ ಬಿಟ್ಟಿದ್ದರೆ ಕೆಲವು ಕಾಲದಲ್ಲಿ ಅದು ಹೇಳಹೆಸರಿಲ್ಲದಂತಾಗುತ್ತಿತ್ತು.

ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ವಸ್ತುಸಂಗ್ರಹಾಲಯವು ಅದನ್ನು ಮೇಲೆತ್ತುವ ಹೊಣೆಯನ್ನು ವಹಿಸಿಕೊಂಡಿತು. ವಿಮಾನದ ಸುತ್ತ ಚೌಕಟ್ಟನ್ನು ಕಟ್ಟಿ ಎತ್ತಬೇಕೆಂಬುದು ಮೊದಲ ಯೋಜನೆ. ಬಿರುಗಾಳಿಯಿಂದ ಅದು ಕೈಗೂಡಲಿಲ್ಲ. ಮುಳುಗುಗಾರರು ವಿಮಾನದ ದೃಢವಾದ ಭಾಗಗಳಿಗೆ ಹಗ್ಗಗಳನ್ನು ಬಿಗಿದರು. 2013ರ ಜೂನ್ 10ರಂದು, ಏಳು ದಶಕಗಳಿಗೂ ಮೀರಿದ ಜಲವಾಸವನ್ನು ಮುಗಿಸಿ, ಅದು ಮತ್ತೆ ಬೆಳಕನ್ನು ಕಂಡಿತು.

ಆದರೆ ನಿಜವಾದ ಕಷ್ಟವು ಆರಂಭವಾದುದು ಆಗಲೇ. ಅಲ್ಯುಮಿನಿಯಮ್ಮಿನ ಬಿರುಕುಗಳಲ್ಲಿ ಸಮುದ್ರದ ಲವಣವು ಸೇರಿಕೊಂಡಿರುತ್ತದೆ. ಅದಕ್ಕೆ ಗಾಳಿಯೂ ತೇವವೂ ಕೂಡಿದರೆ ಲೋಹವು ಬೇಗನೆ ಪುಡಿಯಾಗುತ್ತದೆ. ಆದುದರಿಂದ ಭಾಗಗಳನ್ನು ಕಾಸ್‌ಫೋರ್ಡ್ ಎಂಬಲ್ಲಿಗೆ ಸಾಗಿಸಿ, ಪ್ಲಾಸ್ಟಿಕ್ ಹೊದಿಕೆಯ ಸುರಂಗಗಳಲ್ಲಿ ಇರಿಸಿದರು. ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲದ ತೆಳುವಾದ ದ್ರಾವಣವನ್ನು ಅವುಗಳ ಮೇಲೆ ಬಹುಕಾಲ ಸಿಂಪಡಿಸಿದರು. ಲವಣವು ತೊಳೆದುಹೋಯಿತು, ಅಂಟಿದ್ದ ಚಿಪ್ಪುಗಳೂ ಸಡಿಲಗೊಂಡವು.

ವಿಮಾನವನ್ನು ಹೊಸದರಂತೆ ಮಾಡುವುದು ಸಂರಕ್ಷಕರ ಗುರಿಯಾಗಿರಲಿಲ್ಲ. ಮುರಿದ ಭಾಗವನ್ನೆಲ್ಲ ಬದಲಿಸಿ ಬಣ್ಣ ಬಳಿದರೆ ಉಳಿಯುವುದು ಒಂದು ಪ್ರತಿಕೃತಿ ಮಾತ್ರ. ಸವೆದ ಲೋಹವಾದರೋ ನಡೆದುದಕ್ಕೆ ಸಾಕ್ಷಿ.

ಇಂತಹ ವಿಮಾನವೊಂದರಲ್ಲಿ ನಾಲ್ವರು ಯೋಧರು ಕುಳಿತು ಹೋಗುತ್ತಿದ್ದರು. ಅವರು ಬಾಂಬು ಹಾಕಲು ಬಂದ ನಾಡಿನವರೇ ಇಂದು ಆ ವಿಮಾನವನ್ನು ಜೋಪಾನ ಮಾಡಿದ್ದಾರೆ. ಹಗೆತನವು ಅಳಿದ ಮೇಲೂ ನೆನಪು ಅಳಿಯಬಾರದೆಂಬ ವಿವೇಕವೇ ಇದಕ್ಕೆ ಕಾರಣ.